ಶೇಂಗಾ ಎಣ್ಣೆ ಕುಡಿದ ಬಂಪರು

ಕಾದ ಕಬ್ಬಿಣ ಪ್ಲಾಸ್ಟಿಕ್ಕಿಗೆ ತಾಗಿದಾಗ ಏಳುವ ವಾಸನೆ ನಿಮಗೆ ಗೊತ್ತಿದ್ದರೆ ನನ್ನ ಮೇಲೆ ಸ್ವಲ್ಪ ಕನಿಕರವಿರಲಿ. ಮೊನ್ನೆ ರಾಯದುರ್ಗದ ಗ್ಯಾರೇಜಿನಲ್ಲಿ ನನ್ನ ಕಾರಿನ ಸೀಳಿದ ಬಂಪರನ್ನು ಬೆಸೆಯುತ್ತಿದ್ದರು. ಮೂಗು ಮುಚ್ಚಿಕೊಂಡು ನಿಂತವನಿಗೆ ಸೋದರಮಾವ ನೆನಪಾದರು.

ಮಾವನದು ಎಣ್ಣೆ ಅಂಗಡಿ. ಮಂಡಿನೋವಿಗೂ ಬಾಗಿಲಿನ ಕಿರಿಕಿರಿಗೂ ಅವರಲ್ಲಿ ಶೇಂಗಾ ಎಣ್ಣೆಯೇ ಮದ್ದು. ವರ್ಷಗಳ ಹಿಂದೆ ಹಳೆಯ ಕಾರೊಂದನ್ನು ಕೊಂಡು, ರಿವರ್ಸ್ ಕಲಿಯುವ ಉತ್ಸಾಹದಲ್ಲಿ ತಮ್ಮದೇ ಗೇಟಿಗೆ ಗುದ್ದಿ ಹಿಂದಿನ ಬಂಪರು ಸೀಳಿಕೊಂಡರು. ಬೈದದ್ದು ಮಾತ್ರ ಗೇಟು ನಿಲ್ಲಿಸಿದ ಗಾರೆಯವನನ್ನು.

ಅದೇ ವಾರ ಮಗ ವಿರೂಪಾಕ್ಷನಿಗೆ ಹೆಣ್ಣು ನೋಡಲು ಮಡಕಶಿರಕ್ಕೆ ಹೋಗಬೇಕಿತ್ತು. ವಿರೂಪಾಕ್ಷ ಭಾವ ಅಪ್ಪನ ಮುಖ ನೋಡದೆ ಕೆಮ್ಮುವವನೂ ಅಲ್ಲ. ಹೆಸರು ಕೇಳಿದರೂ ಅಪ್ಪನತ್ತ ತಿರುಗುವ ಈ ಗಂಡನ್ನು ಆಗಲೇ ಹಲವು ಮನೆಯವರು ಬೇಡವೆಂದಿದ್ದರು. ಇದೂ ತಪ್ಪಿದರೆ ಗತಿಯೇನೆಂದು ಅತ್ತೆ ಅಳುತ್ತಿದ್ದರು. ಹಿಂದಿನ ಸಂಬಂಧಗಳು ಮುರಿದದ್ದು ಬಸ್ಸಿನಲ್ಲಿ ಹೋದದ್ದರಿಂದ ಎಂಬುದು ಮಾವನ ಸಂಶೋಧನೆ.

ಸ್ಕ್ರೂಡ್ರೈವರನ್ನು ಒಲೆಯಲ್ಲಿ ಕಾಸಿ ಸೀಳಿನ ಅಂಚು ಕರಗಿಸಿದರು. ತಾಮ್ರದ ತಂತಿಯಿಂದ ಗೋಣಿಚೀಲದಂತೆ ಹೊಲಿದರು. ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ್ದ ಪ್ಲಾಸ್ಟಿಕ್ಕಿಗೆಲ್ಲ ಎಣ್ಣೆ ಬಳಿಯತೊಡಗಿದರು.

"ಮಾವ, ದೂಳು ಹತ್ತತೈತಿ ನೋಡ್ರಿ" ಎಂದೆ. ಅಂದೆನೋ, ಆಮೇಲೆ ಜಾಣನಾಗಲು ನಾನೇ ಸೇರಿಸಿಕೊಂಡೆನೋ! ಮಾವನ ಉತ್ತರವಂತೂ ಅಚ್ಚೊತ್ತಿದಂತಿದೆ.

"ಸುಮ್ನಿರಲೇ ಎಂ.ಎಸ್ಸಿ. ನಿನ್ ತಲಿಗೂ ಇದನ್ನ ಹಚ್ಚಿದ್ರ ಇಷ್ಟೊತ್ತಿಗೆ ನೌಕರಿ ಸಿಗ್ತಿತ್ತು."

ರಸ್ತೆ ಅಗಲಿಸುತ್ತಿದ್ದ ದಾರಿಯ ಕೆಮ್ಮಣ್ಣನ್ನೆಲ್ಲ ಬಂಪರು ಪ್ರೀತಿಯಿಂದ ಬರಮಾಡಿಕೊಂಡಿತು. ಮಾವ, ಅತ್ತೆ, ಭಾವ, ನಾನು ಮಡಕಶಿರದಲ್ಲಿ ಇಳಿದಾಗ ಕಾರಿಗೆ ಗಡ್ಡ ಬಂದಿತ್ತು. ಹೆಣ್ಣಿನ ಮನೆಯಂಗಳದ ಟಗರೊಂದು ಮೂಸುತ್ತ ಬಂದು ನೆಕ್ಕಿತು. ರುಚಿ ಹತ್ತಿ ಕಚ್ಚಿ ಎಳೆಯಿತು. ಹೊಲಿಗೆ ಬಿಚ್ಚಿ ಬಂಪರು ನೇತಾಡಿತು.

ಹೆಣ್ಣಿನ ಅಪ್ಪ ಬಗ್ಗಿ ನೋಡಿದರು. "ಏನ್ ಸ್ವಾಮಿ, ಕಾರಿಗೂ ಒಗ್ಗರಣೆ ಹಾಕ್ಕಂಡ್ ಬಂದೀರಾ?"

ನಮ್ಮ ಕಡೆಯಿಂದಲೇ ಒಂದು ನಗು ಗಹಗಹಿಸಿತು. ಮಾವ ಕೆಂಡವಾದರು. "ನಡೀರಿ, ಈ ಸಂಬಂಧ ನಮಗ ಬ್ಯಾಡ!" ಆದರೆ ಕೀಲಿಕೈಯನ್ನು ಅತ್ತೆ ಆಗಲೇ ಸೆರಗಿಗೆ ಗಂಟು ಹಾಕಿಕೊಂಡಿದ್ದರು. ಅಷ್ಟರಲ್ಲಿ ಹುಡುಗಿಗೆ ಒಪ್ಪಿಗೆಯೆಂದು ಒಳಗಿನಿಂದ ಸುದ್ದಿ ಬಂತು. ಕಾರು ನೋಡಿಯೇ ಒಪ್ಪಿದರೆಂದು ಮಾವ ಕೊನೆಯವರೆಗೂ ನಂಬಿದ್ದರು.

ಇದರಲ್ಲಿ ನಿಜವೆಷ್ಟು, ನನ್ನ ಕಟ್ಟುಕತೆಯೆಷ್ಟು? ತಡೆಯಲಾರದೆ ಗ್ಯಾರೇಜಿನಿಂದಲೇ ಆ ಹುಡುಗಿಗೆ, ಅಂದರೆ ಈಗ ಭಾವನ ಹೆಂಡತಿಯಾಗಿರುವ ಅಕ್ಕನಿಗೆ, ಫೋನ್ ಮಾಡಿದೆ.

"ಯಾವ ಕಾರೂ ನೋಡ್ಲಿಲ್ಲ ಕಣಪ್ಪ, ನಾನು ಒಳಗಿದ್ದೆ" ಎಂದಳು. "ಅಪ್ಪನ್ನ ಕಂಡ್ರೆ ನಡುಗೋ ಗಂಡು ಅಂತ ಎಲ್ಲಾರೂ ಹೇಳಿದ್ರು, ಬ್ಯಾಡ ಅಂತಲೇ ಇದ್ದೆ. ಆಮೇಲೆ ಇವ್ರು ಅವರಪ್ಪನ ಮುಂದೇನೇ ಹಂಗೆ ನಕ್ಕಿದ್ದು ಕೇಳಿಸ್ತು. ಆಗ್ಲಿ ಅಂದೆ. ಯಾಕೋ ಏನೋ, ಮದ್ವೆ ಆದ್ಮೇಲೆ ಆ ನಗು ಒಂದಿನಾನೂ ಕೇಳಿಲ್ಲ. ಇವ್ರೇ ಅಲ್ವಾ ನಕ್ಕಿದ್ದು?"

ನನ್ನ ನೆನಪಿನಲ್ಲಿ ವಿರೂಪಾಕ್ಷ ಭಾವ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತ ನಿಂತಿದ್ದಾನೆ. ನಕ್ಕವನು ನಾನು. ಎಲ್ಲದಕ್ಕೂ ಪುರಾವೆ ಕೇಳುವ ನಾನು, ನನ್ನ ನೆನಪು ಸುಳ್ಳಾಗಿರಲಿ ಎಂದು ಮೊದಲ ಸಲ ಹಾರೈಸಿದೆ.

"ಹೌದಕ್ಕ," ಎಂದೆ, "ಭಾವನೇ."