ಮೊದಲೇ ಹೇಳಿದ ಸಾಕ್ಷಿ

ನಮ್ಮ ಕ್ರೈಸ್ತ ಸಭೆ ಕೂಡುವುದು ದಾಸರಹಳ್ಳಿಯಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಶೀಟಿನ ಹಾಲ್‌ನಲ್ಲಿ. ಭಾನುವಾರ ಹಾಡುಗಳು ಮುಗಿದ ಮೇಲೆ ಸಾಕ್ಷಿಯ ಹೊತ್ತು. ದೇವರು ತನಗೆ ಏನು ಮಾಡಿದನೆಂದು ಎದ್ದು ನಿಂತು ಹೇಳಬೇಕು. ಉಳಿದವರು ಚಪ್ಪಾಳೆ ತಟ್ಟಿ 'ಸ್ತೋತ್ರ' ಅನ್ನುತ್ತಾರೆ. ಕೆಲಸ ಸಿಕ್ಕಿತು, ಮಗಳು ಪಾಸಾದಳು, ಜ್ವರ ಬಿಟ್ಟಿತು, ಹೀಗೆ. ವಾರವಿಡೀ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಬೈಗುಳ ತಿನ್ನುವ ನನ್ನಂಥವರಿಗೆ ಆ ಚಪ್ಪಾಳೆ ಸಣ್ಣದಲ್ಲ.

ನಮ್ಮ ಮನೆಯವರಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್. ಗದಗ ಕಡೆಯಿಂದ ಬಂದು ಪೀಣ್ಯದಲ್ಲಿ ಲೇತ್ ಮುಂದೆ ವರ್ಷಗಟ್ಟಲೆ ನಿಂತವರು, ಈಗ ಬಸ್ ಸ್ಟಾಪಿನವರೆಗೂ ನಡೆಯಲಾರರು. ವಾಸಿಯಾದರೆ ಸಭೆಯಲ್ಲಿ ಸಾಕ್ಷಿ ಹೇಳುತ್ತೇನೆಂದು ಹರಕೆ ಹೊತ್ತಿದ್ದೆ. ತಿಂಗಳುಗಳು ಹೋದವು, ದೇವರು ಜಪ್ಪಯ್ಯ ಅನ್ನಲಿಲ್ಲ. ನನಗೋ ತಾಳ್ಮೆ ಮೊದಲೇ ಕಡಿಮೆ. ಒಂದು ಭಾನುವಾರ ಅವರನ್ನು ಆಟೋದಲ್ಲಿ ಕರೆತಂದು ಗಂಡಸರ ಸಾಲಿನಲ್ಲಿ ಕೂರಿಸಿ, ಸಾಕ್ಷಿಯ ಹೊತ್ತಿಗೆ ತಲೆ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತೆ.

"ನಮ್ಮ ಮನೆಯವರಿಗೆ ಪೂರಾ ಆರಾಮಾಗೈತ್ರಿ. ದೇವರಿಗೆ ಸ್ತೋತ್ರ" ಎಂದುಬಿಟ್ಟೆ.

ಇಷ್ಟು ಜನರ ಮುಂದೆ ಸಾಕ್ಷಿಯಾಗಿಬಿಟ್ಟರೆ, ದೇವರು ತನ್ನ ಮರ್ಯಾದೆ ಉಳಿಸಿಕೊಳ್ಳಲಿಕ್ಕಾದರೂ ವಾಸಿ ಮಾಡಲೇಬೇಕಲ್ಲ! ಎಂಥ ಉಪಾಯ ನನ್ನದು. ಜೋರು ಚಪ್ಪಾಳೆ ಬಿತ್ತು. ನಮ್ಮ ಮನೆಯವರು ನನ್ನ ಮುಖ ನೋಡಿದರು, ಆಮೇಲೆ ಬೆನ್ನು ನೆಟ್ಟಗೆ ಮಾಡಿ ನಕ್ಕರು.

ನಮ್ಮ ವಠಾರದಲ್ಲಿ ಸಭೆಯವರೇ ಹೆಚ್ಚು. ಆ ವಾರವೆಲ್ಲ ಒಬ್ಬೊಬ್ಬರಾಗಿ ಬಂದು ಅವರ ಕೈ ಕುಲುಕಿದರು, ಕೇಕ್ ತಂದುಕೊಟ್ಟರು. ಅವರು ಎದ್ದು ಕೂತು ತಿಂದರು. ಬಂದವರು ಹೋದ ಮೇಲೆ ಬಚ್ಚಲಲ್ಲಿ ಕಕ್ಕಿದರು. ಶನಿವಾರ ಮಧ್ಯಾಹ್ನ ನಾನು ಕೆಲಸದಿಂದ ಬಂದಾಗ ಟವೆಲನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಮುದುಡಿ ಬಿದ್ದಿದ್ದರು. ಟವೆಲ್ ಎಳೆದೆ.

"ಹಿಂಗ್ಯಾಕ ಮಾಡಾಕತ್ತೀರಿ?"

"ಆರಾಮಾಗೈತಿ ಅಂತ ನೀ ಸಾಕ್ಷಿ ಹೇಳಿದಿ. ಈಗ ನಾ ಚೀರಿದ್ರ ಪಕ್ಕದ ಮನಿಗೆ ಕೇಳತೈತಿ. ನೀನೂ ಸುಳ್ಳ ಆಗ್ತಿ, ದೇವರೂ ಸುಳ್ಳ ಆಗ್ತಾನ."

ದೇವರನ್ನು ಇಕ್ಕಟ್ಟಿಗೆ ಸಿಕ್ಕಿಸಲು ಹೋದವಳು ಸಿಕ್ಕಿಸಿದ್ದು ಇವರನ್ನು. ನೋವನ್ನು ನೋವು ಅನ್ನುವಷ್ಟೂ ಜಾಗ ಅವರಿಗೆ ಉಳಿಸಿರಲಿಲ್ಲ ನಾನು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಅವರನ್ನು ಮತ್ತೆ ಆಟೋದಲ್ಲಿ ಸಭೆಗೆ ಕರೆತಂದು, ಸಾಕ್ಷಿಯ ಹೊತ್ತಿಗೆ ಎದ್ದೆ. "ಹೋದ ವಾರ ನಾ ಹೇಳಿದ್ದು ಸುಳ್ಳುರಿ. ಅವರಿಗೆ ಆರಾಮಿಲ್ಲ. ಬಾಳ ತ್ರಾಸ ಐತಿ" ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಂಡಸರ ಸಾಲಿನಿಂದ "ಅವ್ವಾ" ಎಂಬ ಕೂಗು ಬಂತು. ಅವರು ಬಾಯಿಬಿಟ್ಟು ಅಳುತ್ತಿದ್ದರು. ಪಾಸ್ಟರ್ ವೇದಿಕೆಯಿಂದ ಇಳಿದು ಬಂದು ಚಾಪೆ ಮೇಲೆ ಕೂತು ಅವರ ತಲೆಯನ್ನು ತೊಡೆಗೆ ಒರಗಿಸಿಕೊಂಡರು. ಅವತ್ತು ಬೋಧನೆಯೇ ಆಗಲಿಲ್ಲ.

ಆಮೇಲೆ ಮೂರು ವಾರ ಇದ್ದರು. ನೋವು ಬಂದಾಗ ಚೀರಿದರು, ಪಕ್ಕದ ಮನೆಯವರು ಓಡಿಬಂದು ಕಾಲು ಒತ್ತಿದರು. ವಾಸಿಮಾಡು ಎಂದು ಕೇಳುವುದನ್ನು ನಾನು ಬಿಟ್ಟೆ. ಜೊತೆಗಿರಪ್ಪಾ, ಸಾಕು ಎಂದೆ. ವಿಚಿತ್ರವೆಂದರೆ, ಅಷ್ಟು ಅಳುವಿನ ನಡುವೆಯೂ ಮನೆಯಲ್ಲಿ ಒಂದು ಸಮಾಧಾನ ಬಂದು ಕೂತಿತ್ತು.

ಕೊನೆಯ ದಿನಗಳಲ್ಲಿ ಒಮ್ಮೆ, ಗಂಜಿ ಕುಡಿಸುತ್ತಾ, ನನ್ನನ್ನು ಕ್ಷಮಿಸಿ ಎಂದೆ. ಅವರು ಚಮಚ ಸರಿಸಿ ನನ್ನ ಕೈ ಹಿಡಿದರು.

"ನೀ ಹೇಳಿದ್ದು ಸುಳ್ಳಲ್ಲ ಬಿಡ. ದೇವರ ಹಂತ್ಯಾಕ ಹೋದಮ್ಯಾಲ ನನಗ ಪೂರಾ ಆರಾಮಾಗತೈತಿ. ನೀ ಸ್ವಲ್ಪ ಅವಸರ ಮಾಡಿದಿ, ಅಷ್ಟ."

ನಾನು ಅದನ್ನು ನಂಬುತ್ತೇನೆ. ನಂಬುತ್ತಲೇ ಅಳುತ್ತೇನೆ.