ಅಂಗೈ ಪಾಠದ ಆಂಟಿ

ಎದುರುಮನೆಯ ಆಂಟಿಯ ಬೆರಳ ತುದಿಯಲ್ಲಿ ಯಾವಾಗಲೂ ಮೆಂತ್ಯದ ಕಾಳು ಇರುತ್ತಿತ್ತು. ನೋವಿಗೆ ಒತ್ತುತ್ತಿರಲೆಂದು ಕಾಳನ್ನು ಬೆರಳ ಮೇಲಿಟ್ಟು ಬಿಳಿ ಪ್ಲಾಸ್ಟರ್ ಸುತ್ತಿಕೊಂಡಿರುತ್ತಿದ್ದರು. ಇವತ್ತು ಕಿರುಬೆರಳಿಗೆ, ನಾಳೆ ಉಂಗುರದ ಬೆರಳಿಗೆ. ಹೆಬ್ಬೆರಳುಗಳು ಮಾತ್ರ ಖಾಲಿ. ಒತ್ತಿ ಒತ್ತಿ ಅಗಲವಾಗಿ, ಚಪ್ಪಟೆಯಾಗಿ, ಹಿಂದಕ್ಕೆ ಬಾಗಿದ್ದವು. ಒಮ್ಮೆ ಪ್ಲಾಸ್ಟರ್ ಬಿಚ್ಚಿದಾಗ ಕಾಳು ಮೊಳಕೆಯೊಡೆದಿತ್ತು. ನಮ್ಮಪ್ಪ, "ಅವರ ಕೈಗೆ ಇನ್ನೊಂಚೂರು ನೀರು ಹಾಕಿದ್ರೆ ಸೊಪ್ಪು ಕೊಯ್ಬೋದು" ಎಂದು ನಕ್ಕಿದ್ದರು.

ಬೆಂಗಳೂರಿನ ಜಯನಗರದಲ್ಲಿ, ತಿಲಕ್ ನಗರಕ್ಕೆ ಅಂಟಿಕೊಂಡಂತಿದ್ದ ಬೀದಿ ನಮ್ಮದು. ಆಂಟಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಯಾರ್ಯಾರದೋ ಮಾತು ಜೋಡಿಸಿ ಜೋಡಿಸಿ ತಲೆನೋವು ಗಂಟುಬಿದ್ದಿತ್ತು. ಜೊತೆ ಕೆಲಸದವರೊಬ್ಬರು ಆಕ್ಯುಪ್ರೆಷರ್ ಹೇಳಿಕೊಟ್ಟರು, ಅಂಗೈ ಒತ್ತಿಕೊಂಡೇ ವಾಸಿಯಾಯಿತಂತೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಇದನ್ನೇ ಹಿಡಿದರು. ನಾನು ಆಗ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುತ್ತಿದ್ದೆ, ಗಾಜಿನ ಸ್ಲೈಡಿನ ಮೇಲೆ ಕಾಣದ್ದನ್ನು ನಂಬಬಾರದೆಂಬ ಹುರುಪು. ತಲೆನೋವು ಹೋದದ್ದು ಅಂಗೈ ಒತ್ತಿದ್ದರಿಂದಲೋ, ಹೆಡ್‌ಫೋನ್ ತೆಗೆದದ್ದರಿಂದಲೋ ಎಂದು ಕೇಳಿದ್ದೆ. "ಎರಡೂ ಅಂತ ಬರ್ಕೋ. ನೋವು ಹೋಯ್ತಲ್ಲ" ಎಂದಿದ್ದರು.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಗೇಟಿನ ಹೊರಗೆ ಊಟದ ಹೊತ್ತಿನಲ್ಲಿ ನಿಂತು ಹೊಲಿಗೆಯ ಹೆಣ್ಣುಮಕ್ಕಳಿಗೆ ಸೊಂಟನೋವಿಗೆ ಎಲ್ಲಿ ಒತ್ತಬೇಕೆಂದು ತೋರಿಸುತ್ತಿದ್ದರು. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುತ್ತಲೇ ಸೊಪ್ಪಿನವಳ ಮಂಡಿನೋವು ವಿಚಾರಿಸಿಕೊಳ್ಳುತ್ತಿದ್ದರು. ಬೆಳಗ್ಗೆ ನಮ್ಮ ಬೀದಿ ಕೊನೆಯ ಪಾರ್ಕಿನಲ್ಲಿ ಕ್ಲಾಸು. "ಅಂಗೈ ಅಂದ್ರೆ ನಮ್ಮ ಎಕ್ಸ್‌ಚೇಂಜ್ ಬೋರ್ಡ್ ಇದ್ದಂಗೆ. ಸರಿಯಾದ ಕಡೆ ಒತ್ತಿದ್ರೆ ಲೈನ್ ಸಿಗತ್ತೆ" ಎನ್ನುವರು. ಆದರೆ ಯಾರ ಕೈಯನ್ನೂ ಮುಟ್ಟಿ ಒತ್ತುತ್ತಿರಲಿಲ್ಲ. ತಮ್ಮ ಅಂಗೈ ಮೇಲೆ ತೋರಿಸುವರು, ನಾವು ನಮ್ಮದರ ಮೇಲೆ ಹುಡುಕಿಕೊಳ್ಳಬೇಕು. "ನಾನು ಒತ್ತಿದ್ರೆ ನಾಳೆನೂ ನಾನೇ ಬೇಕಾಗ್ತೀನಿ. ನೀವೇ ಒತ್ಕೊಂಡ್ರೆ ನಾನು ಬೇಡ" ಎಂಬುದು ಅವರ ವಾದ.

ಜೆ.ಪಿ. ನಗರದ ಒಂದು ಮದುವೆಯಲ್ಲಿ ಅವರ ಪಕ್ಕ ಊಟಕ್ಕೆ ಕೂತಿದ್ದೆ. ಇನ್ನೊಂದು ಸುತ್ತು ಹೋಳಿಗೆ ಬಡಿಸಿದ ಮೇಲೆ ಎದುರು ಸಾಲಿನ ಹಿರಿಯರೊಬ್ಬರು ತೇಗು ಬಾರದೆ ಒದ್ದಾಡುತ್ತಿದ್ದರು. ಆಂಟಿ ಸುಮ್ಮನಿರುವವರೇ? "ಸಾರ್, ಅಂಗೈ ನಡು ಒತ್ಕೊಳ್ಳಿ, ಗ್ಯಾಸ್ ಇಳಿಯತ್ತೆ!" ಎಂದು ಕೂಗಿದರು. ಅವರು ತಮ್ಮ ಎಂಜಲು ಬಲಗೈ ತೋರಿಸಿದರು. "ಹಂಗಾದ್ರೆ ಎಡಗೈ ಹೆಬ್ಬೆರಳನ್ನೇ ಒಳಗೆ ಮಡಚಿ ಒತ್ತಿ ಸಾರ್." ಅವರು ಮಡಚಿದರು, ಅವರ ಹೆಂಡತಿ ಮಡಚಿದರು, ನೋಡನೋಡುತ್ತ ಇಡೀ ಪಂಕ್ತಿ ಎಡಗೈ ಮುಷ್ಟಿ ಮಾಡಿ ಕೂತಿತು. ಮಜ್ಜಿಗೆ ತಂದವರು ಇದು ಗಂಡಿನ ಕಡೆಯವರ ಶಾಸ್ತ್ರವಿರಬೇಕೆಂದು ನಿಂತು ಕಾದರು. ಹಿರಿಯರು ದೊಡ್ಡದಾಗಿ ತೇಗಿದರು. ನಾನು ನಾಚಿಕೆಯಿಂದ ಎಲೆಯಿಂದ ತಲೆಯೆತ್ತಲಿಲ್ಲ.

ನಮ್ಮಮ್ಮ ಆ ಪಾರ್ಕಿನ ಕ್ಲಾಸಿಗೆ ತಪ್ಪದೆ ಹೋಗುತ್ತಿದ್ದಳು. ಅವಳಿಗೆ ಬಿಪಿ ಇತ್ತು. ಆಂಟಿ ಪಾಠ ಶುರುಮಾಡುವ ಮೊದಲು ದಿನವೂ ಹೇಳುವರು: "ಡಾಕ್ಟ್ರು ಕೊಟ್ಟ ಮಾತ್ರೆ ಡಾಕ್ಟ್ರೇ ನಿಲ್ಲಿಸ್ಬೇಕು. ನಾನಲ್ಲ, ನೀವೂ ಅಲ್ಲ." ದಿನಾ ಕೇಳುವ ಮಾತು ಕಿವಿಯೊಳಗೆ ಇಳಿಯುವುದಿಲ್ಲ. ಹೆಂಗಸರು ತಮ್ಮತಮ್ಮಲ್ಲೇ ಇದನ್ನೊಂದು ವ್ರತ ಮಾಡಿಕೊಂಡಿದ್ದರು. ಮಾತ್ರೆ ನುಂಗುವುದೆಂದರೆ ಉಪವಾಸದ ದಿನ ಕದ್ದು ತಿಂದ ಹಾಗೆ, ನಂಬಿಕೆ ಸಾಲದೆಂದು ಲೆಕ್ಕ. ಆಂಟಿ ಬರುವ ಮುಂಚೆ ಕಲ್ಲುಬೆಂಚಿನ ಮೇಲೆ ಪಿಸುಮಾತು ನಡೆಯುತ್ತಿತ್ತು: "ನಾನು ಶುಗರ್ ಮಾತ್ರೆ ಬಿಟ್ಟೆ ಕಣ್ರೀ. ನೀವಿನ್ನೂ ಬಿಟ್ಟಿಲ್ವಾ?" ಅಮ್ಮನೂ ಬಿಟ್ಟಳು. ನಮಗೆ ಗೊತ್ತಾಗದಿರಲೆಂದು ದಿನದ ಮಾತ್ರೆಯನ್ನು ಪಾತ್ರೆ ತೊಳೆಯುವಾಗ ನೀರಿಗೆ ಬಿಡುತ್ತಿದ್ದಳಂತೆ.

ಒಂದು ಬೆಳಗ್ಗೆ ಕ್ಲಾಸಿನ ನಡುವೆ ಅವಳ ಎಡಗೈ ತೊಡೆಯ ಮೇಲಿಂದ ಜಾರಿತು. ಎತ್ತಲು ನೋಡಿದಳು, ಏಳಲಿಲ್ಲ. ಬಾಯಿ ಒಂದು ಕಡೆಗೆ ವಾಲಿತು. ಸುತ್ತಲಿದ್ದವರು, "ಮೇಡಂ, ನೀವೇ ಒತ್ತಿ, ಬೇಗ ಒತ್ತಿ!" ಎಂದು ಕಿರುಚಿದರು. "ಇದು ಒತ್ತೋದಲ್ಲ. ಆಟೋ ನಿಲ್ಸಿ!" ಎಂದು ಆಂಟಿ ಅಮ್ಮನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಆಟೋದಲ್ಲಿ ಜೊತೆಗೆ ಹತ್ತಿದ್ದ ಕ್ಲಾಸಿನ ಹೆಂಗಸೊಬ್ಬಳು ಆಂಟಿಗೆ ಮಾತ್ರೆಯ ಗುಟ್ಟು ಬಾಯಿಬಿಟ್ಟಳು.

ಅಪ್ಪ ಮತ್ತು ನಾನು ಆಸ್ಪತ್ರೆ ಮುಟ್ಟಿದಾಗ ಆಂಟಿ ಡ್ಯೂಟಿ ಡಾಕ್ಟರಿಗೆ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: "ಇವರು ಬಿಪಿ ಮಾತ್ರೆ ಬಿಟ್ಟಿದ್ದಾರೆ ಡಾಕ್ಟ್ರೇ. ನನ್ನ ಕ್ಲಾಸಿಗೆ ಬರ್ತಾರೆ." ಅಪ್ಪ ಕೆಂಡವಾದರು. "ಅಂಗೈ ಒತ್ತಿಸಿ ಒತ್ತಿಸಿ ನನ್ನ ಹೆಂಡ್ತೀನ ಇಲ್ಲಿ ತಂದು ಮಲಗಿಸಿದ್ರಲ್ರೀ! ಇನ್ಮೇಲೆ ನಮ್ಮನೆ ಗೇಟು ಮುಟ್ಬೇಡಿ." ಆಂಟಿ, "ದಿನಾ ಹೇಳ್ತಿದ್ದೆ. ನಾನೇ ಒಂದಿನಾನೂ ಕೇಳ್ಲಿಲ್ಲ, ನುಂಗಿದ್ರಾ ಅಂತ" ಎಂದಷ್ಟೇ ಹೇಳಿದರು.

ಮರುದಿನದಿಂದ ಕ್ಲಾಸಿನ ಪದ್ಧತಿಯೇ ಬದಲಾಯಿತು. ಎಲ್ಲರೂ ತಮ್ಮ ಬೆಳಗಿನ ಮಾತ್ರೆಯನ್ನು ಪಾರ್ಕಿಗೇ ತರಬೇಕು, ಆಂಟಿಯ ಕಣ್ಣೆದುರು ನುಂಗಬೇಕು, ಆಮೇಲೆ ಅಂಗೈ. ನೀರಿನ ತಂಬಿಗೆ ಹಿಡಿದು ಸಾಲಿನುದ್ದಕ್ಕೂ ಅವರೇ ಓಡಾಡುವರು. "ಮೇಡಂಗೇ ನಂಬಿಕೆ ಹೋದ್ಮೇಲೆ ನಮಗೇನು?" ಎಂದು ಜನ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಬಿಟಿಎಂ ಬಡಾವಣೆಯ ಕಡೆ ಯಾರೋ ಮಾತ್ರೆ ಬಿಡಿಸಿಯೇ ತೀರುತ್ತೇನೆ ಎನ್ನುತ್ತಿದ್ದರು, ಅಲ್ಲಿ ಜಾತ್ರೆ ಸೇರಿತು. ಅಂಥದೊಂದು ಮಾತು ಆಂಟಿಯ ಬಾಯಿಂದ ಬಂದಿದ್ದರೆ ಎಲ್ಲರೂ ವಾಪಸ್ಸು ಬರುತ್ತಿದ್ದರು. ಕೆಲಸ, ಆಯಸ್ಸು ಎರಡನ್ನೂ ಕೊಟ್ಟು ಕಟ್ಟಿದ್ದು ಕಣ್ಣೆದುರೇ ಖಾಲಿಯಾದರೂ ಅವರು ಆ ಮಾತು ಆಡಲಿಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಅಮ್ಮ ಮನೆಗೆ ಬಂದ ಮೇಲೆ ಆಂಟಿ ದಿನವೂ ಬಂದರು, ಅಪ್ಪನ ಮಾತಿನಂತೆ ಗೇಟು ಮುಟ್ಟದೆ. ರಸ್ತೆಯಲ್ಲೇ ನಿಲ್ಲುವರು. ವರಾಂಡದ ಕುರ್ಚಿಯಲ್ಲಿ ಅಮ್ಮ. ಆಸ್ಪತ್ರೆಯವರು ಹೇಳಿಕೊಟ್ಟಿದ್ದ ವ್ಯಾಯಾಮವನ್ನೇ ಆಂಟಿ ಗೇಟಿನಾಚೆಯಿಂದ ಮಾಡಿ ತೋರಿಸುವರು: ಮುಷ್ಟಿ ಕಟ್ಟಿ, ಬಿಚ್ಚಿ. ನಾವು ಹೇಳಿದರೆ ಅತ್ತು ರಂಪ ಮಾಡುತ್ತಿದ್ದ ಅಮ್ಮ ಅವರೆದುರು ತುಟಿಪಿಟಕ್ಕೆನ್ನದೆ ಮಾಡುತ್ತಿದ್ದಳು. ಹೋಗಿಬರುವವರು ನಿಂತು ನೋಡುತ್ತಿದ್ದರು. ಕೊನೆಗೆ ಒಂದು ಬಿಸಿಲಿನ ದಿನ ಅಪ್ಪನೇ ಎದ್ದು ಹೋಗಿ ಗೇಟು ತೆಗೆದರು. "ನೀವು ಇಲ್ಲಿ ತಲೆಸುತ್ತಿ ಬಿದ್ರೆ ಅದೂ ನಮ್ಮ ತಲೆಗೇ ಬರತ್ತೆ. ಒಳಗ್ ಬನ್ನಿ" ಎಂದರು. ಆಂಟಿ ಬಂದು ಕಾಫಿ ಕುಡಿದರು.

ಕೈ ಬಹುಮಟ್ಟಿಗೆ ಸರಿಹೋಯಿತು. ಬಾಯಿಯ ಸೊಟ್ಟ ಹಾಗೇ ಉಳಿಯಿತು. ಅಮ್ಮ ಮದುವೆ-ಮುಂಜಿಗೆ ಹೋಗುವುದನ್ನು ಬಿಟ್ಟಳು, ಬಾಗಿಲಿಗೆ ಯಾರಾದರೂ ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಆಂಟಿ ಕ್ಲಾಸಿಗೆ ಕರೆಯುತ್ತಲೇ ಇದ್ದರು. "ಈ ಮುಖ ಹೊತ್ಕೊಂಡು ಬರ್ಲಾ? ನಿಮ್ಗೇ ಅವಮಾನ" ಎನ್ನುತ್ತಿದ್ದಳು ಅಮ್ಮ. "ಅವಮಾನ ಆಗೋದಿದ್ರೆ ನನಗಲ್ವಾ? ನಾನು ಕರೀತಿದೀನಿ, ಬನ್ನಿ" ಎನ್ನುವರು. ವರ್ಷಗಳು ಹೋದವು, ಅಮ್ಮ ಹೋಗಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ಪಾರ್ಕಿನಲ್ಲಿ ಉಳಿದಿದ್ದ ನಾಲ್ಕಾರು ಜನ ಕಾದು ಕಾದು ಆಂಟಿಯ ಮನೆಗೆ ಬಂದರು. ನಿದ್ದೆಯಲ್ಲೇ ಹೃದಯ ನಿಂತಿತ್ತು. ಎಲ್ಲರಿಗಿಂತ ಮೊದಲು ಓಡಿಹೋಗಿ ಮುಂದಿನ ಏರ್ಪಾಡು ನೋಡಿದವರು ನಮ್ಮಪ್ಪ. ಬೀದಿಯ ಬಾಯಿಗೆ ಬೀಗವಿಲ್ಲವಲ್ಲ. "ಊರಿಗೆಲ್ಲ ಪಾಯಿಂಟ್ ತೋರಿಸಿದೋರು, ತಮ್ಮ ಎದೆಗೆ ಎಲ್ಲಿ ಒತ್ಬೇಕು ಅಂತ ಗೊತ್ತಾಗ್ಲಿಲ್ಲ ನೋಡಿ" ಎಂದು ಯಾರೋ ಅಂದರು. ನನಗೆ ಮೈ ಉರಿದುಹೋಯಿತು. ಅಂಗೈಯಿಂದ ರೋಗ ಹೋಗುತ್ತದೆಂದು ನಾನು ಅವತ್ತೂ ನಂಬಿರಲಿಲ್ಲ, ಇವತ್ತೂ ನಂಬುವುದಿಲ್ಲ. ಆದರೆ ನಮ್ಮಮ್ಮನನ್ನು ಉಳಿಸಿಕೊಟ್ಟವರು ಅವರು.

ಬೀದಿಯವರ ಆ ಕುಹಕ ಅಮ್ಮನ ಕಿವಿಗೂ ಬಿದ್ದಿತ್ತು. ತಿಥಿಯೂಟ ಮುಗಿದ ಮರುದಿನ ಬೆಳಗ್ಗೆ ಸೀರೆ ಬದಲಾಯಿಸಿ, ನೀರಿನ ತಂಬಿಗೆ ಹಿಡಿದು, "ಪಾರ್ಕಿಗೆ ಬರ್ತೀಯಾ?" ಎಂದು ನನ್ನನ್ನು ಕೇಳಿದಳು. ಅಲ್ಲಿ ಹಳಬರ ಜೊತೆ, ಆಂಟಿ ಹೋದ ಸುದ್ದಿ ಕೇಳಿ ಬಂದಿದ್ದ ಹೊಸಬರೂ ಇದ್ದರು. ಅಮ್ಮ ಆಂಟಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಬಾಯಿಯ ಮೇಲಿನ ಸೆರಗು ತೆಗೆದಳು.

"ಮಾತ್ರೆ ಬಿಟ್ಟೋಳ ಮುಖ ಇದು. ಎಲ್ರೂ ಚೆನ್ನಾಗಿ ನೋಡ್ಕೊಳ್ಳಿ" ಎಂದಳು. ಒಬ್ಬೊಬ್ಬರೂ ನೋಡುವವರೆಗೆ ನಿಂತಿದ್ದು, ಆಮೇಲೆ ತಂಬಿಗೆ ಎತ್ತಿಕೊಂಡು ಸಾಲಿನ ಮೊದಲನೆಯವರ ಹತ್ತಿರ ಹೋದಳು. "ಎಲ್ಲಿ, ನಿಮ್ಮ ಮಾತ್ರೆ ತೋರ್ಸಿ."