ಚಾವಿ ಕಳದದೋ, ಒಯ್ದಾರೋ

ಅವನ ಎಡಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಯಾವಾಗಲೋ ಚಾವಿ ತಿಕ್ಕುವ ಅರ ಜಾರಿ ಕಿತ್ತುಹೋದದ್ದು ಮತ್ತೆ ಬೆಳೆಯಲಿಲ್ಲವಂತೆ. ಕೈಯೆಲ್ಲ ಹಿತ್ತಾಳೆ ಪುಡಿ ಕೂತು ಕಪ್ಪಾಗಿತ್ತು, ಆ ಒಂದು ಜಾಗ ಮಾತ್ರ ಹಸುಗೂಸಿನ ಹಿಮ್ಮಡಿಯಂತೆ ಕೆಂಪಗೆ, ಮೆತ್ತಗೆ. ಚಾವಿ ತಿಕ್ಕಿ ಮುಗಿದ ಮೇಲೆ ಅದರ ಹಲ್ಲನ್ನು ಆ ಬರೀ ಚರ್ಮಕ್ಕೆ ಒತ್ತಿ, ಕಣ್ಣು ಮುಚ್ಚಿ ಕೂರುತ್ತಿದ್ದ. ತರಿ ಎಲ್ಲಿ ಉಳಿದಿದೆ ಎಂದು ಹೀಗೆ ನೋಡುತ್ತಿದ್ದ. ಗೊತ್ತಿಲ್ಲದವರು ಮುದುಕ ಕೂತಲ್ಲೇ ನಿದ್ದೆ ಹೋದ ಅಂದುಕೊಳ್ಳುತ್ತಿದ್ದರು.

ಹಡಪಸರದ ಭಾಜಿ ಮಂಡಿಯ ಹಿಂದೆ, ಬಸ್ಸು ತಿರುಗುವ ಮೂಲೆಯಲ್ಲಿ ಒಂದು ಹರಿದ ಛತ್ರಿ, ಒಂದು ತಗಡಿನ ಪೆಟ್ಟಿಗೆ. ಅದೇ ಅವನ ಅಂಗಡಿ. ಎಲ್ಲರ ಬಾಯಲ್ಲೂ ಅವನು ಚಾವಿ ಕಾಕಾ. ಸೋಲಾಪುರದ ಕಡೆಯವನು, ಮನೆಮಾತು ನಮ್ಮದೇ ಕನ್ನಡ. ಸತ್ತವನೆಂದು ಒಳ್ಳೆಯವನಾಗಿದ್ದ ಅಂತ ನಾನು ಬರೆಯುವುದಿಲ್ಲ. ಬಾಯಿ ಕೆಟ್ಟದ್ದು. ಗಿರಾಕಿ ಅವಸರ ಮಾಡಿದರೆ ಕೆಲಸ ಕೆಳಗಿಟ್ಟು ಚಹಾ ಕುಡಿಯಲು ಹೋಗುತ್ತಿದ್ದ. ಬಸಿಯಲ್ಲಿ ಸುರಿದುಕೊಂಡು, ಊದಿ ಊದಿ, ಗಿರಾಕಿಯ ಮುಖ ನೋಡುತ್ತ ಕುಡಿಯುತ್ತಿದ್ದ. ಯಾರೇ ಬಂದು ಚಾವಿ ಇಲ್ಲ ಅಂದರೂ ಮೊದಲು ಅವನು ಕೇಳುತ್ತಿದ್ದದ್ದು ಒಂದೇ ಮಾತು.

"ಕಳದದೋ, ಒಯ್ದಾರೋ?"

ಅವನ ಪೆಟ್ಟಿಗೆಯ ಮುಂದೆ ನಾನು ಹೋಗಿ ನಿಂತದ್ದು ಯಾಕೆಂದರೆ, ನನ್ನ ಗಂಡ ತೀರಿಹೋಗಿದ್ದರು, ಮನೆಯ ಮುಂದೆ ಅವರ ಮೋಟರ್‌ಸೈಕಲ್ ನಿಂತಿತ್ತು, ಅದರ ಚಾವಿ ನನ್ನ ಹತ್ತಿರ ಇರಲಿಲ್ಲ.

ನನ್ನದು ರೊಟ್ಟಿ ಕೆಲಸ. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮೆಸ್ಸುಗಳಿಗೆ ಹಾಕುತ್ತಿದ್ದೆ. ಗಂಡ ಗಾಡಿ ಹೊಡೆಯುತ್ತಿದ್ದರು, ನಾನು ಹಿಂದೆ ಬುಟ್ಟಿ ಹಿಡಿದು ಕೂರುತ್ತಿದ್ದೆ. ಅವರಿಗೆ ಲಕ್ವ ಹೊಡೆದು ಒಂದು ಕೈ ಬಿದ್ದಮೇಲೆ ಜಾಗ ಬದಲಾಯಿತು. ಅವರು ಹಿಂದೆ ಕೂತು, ಬೈದು ಬೈದು ನನಗೆ ಗಾಡಿ ಕಲಿಸಿದರು. ಇಳಕಲ್ ಸೀರೆಯ ನೆರಿಗೆಯನ್ನು ಕಚ್ಚೆಯಂತೆ ಸಿಕ್ಕಿಸಿಕೊಂಡು ನಾನು ಗೇರು ಹಾಕುವಾಗ ಇಡೀ ಓಣಿ ನಕ್ಕಿತು. ನಗಲಿ. ನಕ್ಕು ಮುಗಿಯುವಷ್ಟರಲ್ಲಿ ನಾನು ಮಗರಪಟ್ಟಾ ದಾಟಿರುತ್ತಿದ್ದೆ.

ಗಂಡ ಹೋದರು. ದಿನಕರ್ಮ ಮುಗಿದು ಬಂಧುಗಳೆಲ್ಲ ಹೊರಟುನಿಂತಾಗ, ಗೋಡೆಯ ಮೊಳೆಗೆ ತೂಗುಹಾಕಿದ್ದ ಚಾವಿಯನ್ನು ನನ್ನ ಮೈದುನ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. ಕದ್ದು ಹಾಕಿಕೊಳ್ಳಲಿಲ್ಲ, ನನ್ನ ಎದುರಿಗೇ ಹಾಕಿಕೊಂಡ.

"ವೈನಿ, ಇನ್ನ ಗಾಡಿ ನಿಮಗ್ಯಾಕ? ಅಣ್ಣ ಇದ್ದಾಗಿನ ಮಾತ ಬ್ಯಾರೆ. ಗಂಡ ಸತ್ತ ಹೆಣಮಗಳು ಫಟಫಟಿ ಹೊಡಕೋತ ತಿರಗಿದ್ರ ಮಂದಿ ನಮಗ ಉಗಳ್ತಾರ. ನಾ ಒಬ್ಬ ಗಿರಾಕಿ ನೋಡೀನಿ. ನೀವು ನಮ್ಮ ಮನ್ಯಾಗ ಬಂದು ಇರ್ರಿ. ಅವಳಿಗೂ ಅಡಗ್ಯಾಗ ಒಂದು ಕೈ ಆಗ್ತದ."

ಅವಳು ಅಂದರೆ ಅವನ ಹೆಂಡತಿ. ಅವಳ ಅಡುಗೆಮನೆಯಲ್ಲಿ ನಾನು ಹೇಗೆ ಇರಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಗಾಡಿ ಹೋದರೆ ರೊಟ್ಟಿ ಹೋಯಿತು, ರೊಟ್ಟಿ ಹೋದರೆ ಆ ಅಡುಗೆಮನೆಯೇ ಗತಿ. ಆದರೂ ನೆರೆಯವರು ಗಾಡಿ ಯಾಕೆ ನಿಂತಿದೆ ಎಂದು ಕೇಳಿದಾಗ ಚಾವಿ ಕಳೆದಿದೆ ಎಂದೇ ಹೇಳಿದೆ. ನಮ್ಮಲ್ಲಿ ಹಾಗೆಯೇ. ಮನೆಯವರು ಕಸಿದುಕೊಂಡದ್ದಕ್ಕೆಲ್ಲ ಕಳೆದದ್ದು ಅಂತ ಹೆಸರು.

ಕಾಕಾನಿಗೂ ಅದನ್ನೇ ಹೇಳಿದೆ. "ಕಳದದ."

ಅವನು ತಲೆ ಎತ್ತಲಿಲ್ಲ. ಅರ ತಿಕ್ಕುತ್ತಲೇ ಕೇಳಿದ. "ಎಲ್ಲಿ?"

"ಎಲ್ಲೋ."

"ಎಲ್ಲೋ ಅಂದ್ರ ಯಾರ ಕಿಸೇದಾಗ?"

ಅವನು ಅರ ಕೆಳಗಿಟ್ಟ.

"ನೋಡ ತಂಗಿ. ಖರೇನ ಕಳದಿದ್ರ ಸಸಾರ ಕೆಲಸ. ಲಾಕ್ ಬಿಚ್ಚಿ, ಒಳಗಿನ ಹಿತ್ತಾಳಿ ಪತ್ತಿ ನೋಡಿ, ಅದಕ್ಕ ತಕ್ಕಂಗ ಚಾವಿ ತಿಕ್ಕತೀನಿ. ಆದ್ರ ಯಾರರೆ ಒಯ್ದಿದ್ರ, ಹಂಗ ಮಾಡಿ ಏನ್ ಉಪಯೋಗ? ನಿನಗೊಂದು ಚಾವಿ, ಒಯ್ದಾಂವಗ ಒಂದು ಚಾವಿ. ಇಬ್ರೂ ಪಾಳಿ ಹಚ್ಚಿ ಹೊಡೀರಿ. ಒಯ್ದಿದ್ರ ಒಳಗಿನ ಪತ್ತಿನ ಬದಲಿ ಮಾಡಬೇಕು. ಹಳೇ ಚಾವಿ ಒಳಗ ಹೋಗ್ತದ, ತಿರಗೂದಿಲ್ಲ. ಈಗ ಹೇಳು."

ಪಕ್ಕದಲ್ಲಿ ಕಬ್ಬಿನ ಹಾಲಿನ ಗಾಡಿ. ಅದರ ಮುಂದೆ ಮೂರ್ನಾಲ್ಕು ರಿಕ್ಷಾದವರು, ಅವರಲ್ಲಿ ಇಬ್ಬರು ನಮ್ಮ ಓಣಿಯವರೇ. ಎಲ್ಲರ ಕಿವಿ ಈ ಕಡೆಗೇ. ನನಗೆ ಕಾಕಾನ ಮೇಲೆ ಸಿಟ್ಟು ಬಂತು. ಸ್ವಲ್ಪ ಮೆತ್ತಗೆ ಕೇಳಬಾರದಿತ್ತೇ? ಅವನು ಮೆತ್ತಗೆ ಕೇಳುವವನಲ್ಲ.

"ಒಯ್ದಾನ," ಅಂದೆ. "ನನ್ನ ಮೈದುನ ಒಯ್ದಾನ. ನನ್ನ ಕಣ್ಣಮುಂದ."

ಅಷ್ಟು ವರ್ಷದ ಸಂಸಾರದಲ್ಲಿ ಗಂಡನ ಮನೆಯವರ ಮೇಲೆ ಬೀದಿಯಲ್ಲಿ ಹೀಗೊಂದು ಮಾತು ಆಡಿದವಳಲ್ಲ ನಾನು. ಆಡಿದ್ದಾಯಿತು. ಕಬ್ಬಿನ ಹಾಲಿನವಳು ಗಾಣ ನಿಲ್ಲಿಸಿ ನನ್ನನ್ನು ನೋಡಿದಳು, ಆಮೇಲೆ ಮತ್ತೆ ತಿರುಗಿಸಿದಳು. ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ.

"ಹಾಂ. ನಡಿ," ಅಂದ ಕಾಕಾ.

ಮನೆಯ ಮುಂದೆ ಬಂದವನು ಗಾಡಿ ಮುಟ್ಟಲಿಲ್ಲ. ಆರ್.ಸಿ. ಬುಕ್ಕು ತೋರಿಸಿದೆ, ನೋಡಿ ವಾಪಸು ಕೊಟ್ಟ. ಓಣಿಯ ನಡುವೆ ನಿಂತು ದೊಡ್ಡ ದನಿಯಲ್ಲಿ ಮರಾಠಿಯಲ್ಲಿ ಕೂಗಿದ, "ಹೀ ಗಾಡೀ ಕೋಣಾಚೀ?" ಈ ಗಾಡಿ ಯಾರದು ಎಂದು. ಅದು ಅವನ ಪದ್ಧತಿ. ಯಾರದೇ ಗಾಡಿಯಾಗಲಿ, ಓಣಿ ಹೇಳುವ ತನಕ ಲಾಕು ಬಿಚ್ಚುತ್ತಿರಲಿಲ್ಲ. ಕಾಗದ ಗಂಡನ ಹೆಸರಲ್ಲಿತ್ತು, ಗಂಡ ಇರಲಿಲ್ಲ. ಓಣಿ ಏನು ಹೇಳುತ್ತದೋ ಎಂದು ನಾನು ಸೆರಗು ಹಿಡಿದು ನಿಂತೆ. ಇದೇ ಓಣಿಯಲ್ಲವೇ ನಕ್ಕದ್ದು.

ಮೇಲಿನ ಮಾಳಿಗೆಯಿಂದ ಬಟ್ಟೆ ಒಣಹಾಕುತ್ತಿದ್ದವಳು ಹೇಳಿದಳು, "ಭಾಕರೀವಾಲೀಚೀ." ರೊಟ್ಟಿಯವಳದು. ನಳದ ಹತ್ತಿರದಿಂದ ಇನ್ನೊಬ್ಬಳು ಅದನ್ನೇ ಹೇಳಿದಳು. ಸತ್ತ ನನ್ನ ಗಂಡನ ಹೆಸರನ್ನು ಯಾರೂ ಎತ್ತಲಿಲ್ಲ.

ಕಾಕಾ ಪೆಟ್ಟಿಗೆ ತೆರೆದು ಕೂತ. ಮುಂದಿನ ದೀಪ ಬಿಚ್ಚಿ, ಲಾಕಿನ ತಂತಿ ಎಳೆದು, ಹ್ಯಾಂಡಲಿನ ಕೆಳಗಿನ ನಟ್ಟು ತಿರುಗಿಸಿ ಲಾಕನ್ನು ಈಚೆ ತೆಗೆದ. ಎಷ್ಟು ಸಣ್ಣ ಸಾಮಾನು ಅದು, ಬೆರಳ ಗಿಣ್ಣಿನಷ್ಟು ದಪ್ಪ. ಒಳಗೆ ಸಾಲಾಗಿ ಹಿತ್ತಾಳೆಯ ತೆಳ್ಳನೆ ಪತ್ತಿಗಳು, ಕೂದಲಿನಂಥ ಸ್ಪ್ರಿಂಗುಗಳು. ಒಂದು ಸ್ಪ್ರಿಂಗು ಹಾರಿತು. ಅದನ್ನು ಹುಡುಕಲು ಕಾಕಾ, ನಾನು, ನಳದ ಹತ್ತಿರದವಳು ಮೂವರೂ ನೆಲದ ಮೇಲೆ ಅಂಗೈ ಆಡಿಸಿದೆವು. ಸಿಕ್ಕಿತು. ಪತ್ತಿಗಳನ್ನು ಅದಲು ಬದಲು ಮಾಡಿ ಕೂಡಿಸಿ, ಹೊಸ ಚಾವಿ ತಿಕ್ಕಿ, ಹೆಬ್ಬೆರಳಿಗೆ ಒತ್ತಿ ಕಣ್ಣು ಮುಚ್ಚಿದ. ಪೆಟ್ರೋಲ್ ಟಾಕಿಯ ಮುಚ್ಚಳಕ್ಕೂ ಹಾಗೆಯೇ ಮಾಡಿದ. ಎಲ್ಲ ಮತ್ತೆ ಜೋಡಿಸಿದ ಮೇಲೆ ಚಾವಿಯನ್ನು ನನ್ನ ಕೈಗಿಟ್ಟ.

"ನೀನ ತಿರಗಸು. ಮೊದಲನೇ ಸಲ ಚಾವಿ ಮಾಡಿದಾಂವ ತಿರಗಸಬಾರದು."

ತಿರುಗಿಸಿದೆ. ಹಸಿರು ದೀಪ ಹತ್ತಿತು.

ಮೈದುನ ಗಿರಾಕಿಯನ್ನು ಕರೆದುಕೊಂಡೇ ಬಂದ. ನಾನು ಬಾಗಿಲಲ್ಲಿ ಕೂತು ಹಿಟ್ಟು ಸಾಣಿಸುತ್ತಿದ್ದೆ. ಅವನು ಕಿಸೆಯಿಂದ ಚಾವಿ ತೆಗೆದ, ಹಾಕಿದ. ಒಳಗೆ ಹೋಯಿತು, ತಿರುಗಲಿಲ್ಲ. ತೆಗೆದು ಊದಿದ. ಅಂಗಿಗೆ ಒರೆಸಿದ. ಉಲ್ಟಾ ಹಾಕಿ ನೋಡಿದ. ಗಿರಾಕಿ ಗಡಿಯಾರ ನೋಡಿಕೊಂಡ.

"ವೈನಿ, ಲಾಕ್ ಕೆಟ್ಟದೇನು?"

"ಇಲ್ಲ."

"ಮತ್ತ ಯಾಕ ತಿರಗವಲ್ದು?"

ನಾನು ಹಿಟ್ಟಿನ ಕೈ ಒರೆಸಿಕೊಂಡು ಎದ್ದೆ. ಸೊಂಟದಿಂದ ನನ್ನ ಚಾವಿ ತೆಗೆದು, ಅವನನ್ನು ಸ್ವಲ್ಪ ಸರಿಸಿ, ಹಾಕಿ ತಿರುಗಿಸಿದೆ. ಕಿಕ್ ಹೊಡೆದೆ. "ನಿನ್ನ ಕಡೆ ಇರೋದು ನಿಮ್ಮಣ್ಣನ ಚಾವಿ. ನೆನಪಿಗಿ ಇಟ್ಕೋ," ಅಂದೆ. ಆಗಲೇ ಬಡಿದಿಟ್ಟಿದ್ದ ರೊಟ್ಟಿಯ ಬುಟ್ಟಿ ಕಟ್ಟಿಕೊಂಡು ಹೊರಟೆ. ಬಾಗಿಲು ತೆರೆದೇ ಇತ್ತು. ಏನು ಬೇಕಾದರೂ ಒಯ್ಯಲಿ ಅನ್ನಿಸಿತ್ತು.

ಅಷ್ಟಕ್ಕೇ ಅವನು ಬಿಡಲಿಲ್ಲ. ನೆಟ್ಟಗೆ ಕಾಕಾನ ಹತ್ತಿರವೇ ಹೋಗಿ, ನಮ್ಮಣ್ಣನ ಗಾಡಿ, ಚಾವಿ ಕಳೆದಿದೆ, ಹೊಸದು ಮಾಡಿಕೊಡು ಎಂದನಂತೆ. ಇದನ್ನು ಹೇಳಿದವಳು ಕಬ್ಬಿನ ಹಾಲಿನವಳು. ಕಾಕಾ ನನ್ನ ಹತ್ತಿರ ಇದನ್ನು ಒಮ್ಮೆಯೂ ಹೇಳಲಿಲ್ಲ. ಮೈದುನನಿಗೂ ಕಾಕಾನದು ಅದೇ ಪ್ರಶ್ನೆ, ಕಳದದೋ, ಒಯ್ದಾರೋ? ಮೈದುನ ದನಿ ಏರಿಸಿದನಂತೆ. ಕಾಕಾ ಬಸಿಯ ಚಹಾ ಮುಗಿಸಿ, ಪೆಟ್ಟಿಗೆ ಬಗಲಿಗೆ ಹಾಕಿಕೊಂಡು ಎದ್ದುನಿಂತನಂತೆ. "ನಡೀರಿ ಸಾಹೇಬ್ರ. ಗಾಡಿ ಯಾರದಂತ ಓಣ್ಯಾಗ ನಿಂತು ಕೇಳೂಣು. ಓಣಿ ನಿಮ್ಮದಂದ್ರ ಈಗಿಂದೀಗ ಮಾಡ್ತೀನಿ." ಮೈದುನ ನಮ್ಮ ಓಣಿಯ ಕಡೆ ಬರಲಿಲ್ಲ. ಆ ಹಬ್ಬಕ್ಕೂ ಬರಲಿಲ್ಲ, ಮುಂದಿನ ಹಬ್ಬಕ್ಕೂ ಬರಲಿಲ್ಲ. ಬರದಿದ್ದರೆ ನನಗೇನು.

ಅಂದಿನಿಂದ ಆ ಮೂಲೆಯಲ್ಲಿ ಹಾಯುವಾಗೆಲ್ಲ ಕಾಕಾನಿಗೆ ರೊಟ್ಟಿ ಕೊಡುತ್ತಿದ್ದೆ. ಅವನು ತಿಂದು, "ಇವತ್ತ ಸುಟ್ಟದ," ಅನ್ನುತ್ತಿದ್ದ. ಸುಡದಿದ್ದರೆ, "ಹಸೀ ಅದ." ನಾನು, "ನಿನ್ನ ಚಾವೀನೂ ಬಿಗೀ ಹೋಗ್ತದ, ನಾ ಅಂದೀನೇನು?" ಅನ್ನುತ್ತಿದ್ದೆ. ಇಷ್ಟೇ ನಮ್ಮ ಮಾತುಕತೆ. ನನ್ನ ಕಷ್ಟ ಅವನು ಕೇಳಲಿಲ್ಲ, ಅವನದನ್ನು ನಾನು ಕೇಳಲಿಲ್ಲ.

ಅವನು ಸತ್ತದ್ದು ಚಳಿಗಾಲದಲ್ಲಿ. ಛತ್ರಿ ಕಾಣದೆ ಕೇಳಿದರೆ, ಆಗಲೇ ಒಯ್ದಿದ್ದರು. ಗಾಡಿ ತಿರುಗಿಸಿ ಸುಡುಗಾಡಿಗೇ ಹೋದೆ. ಗೇಟಿನಲ್ಲಿ ಒಬ್ಬ, "ಹೆಣಮಕ್ಕಳು ಬರಬಾರದ್ರಿ," ಅಂದ. "ಬಂದೀನಲ್ಲ," ಅಂದೆ. ಒಳಗೆ ಹೋಗಿ ನೋಡಿದೆ. ಬಟ್ಟೆಯ ಹೊರಗೆ ಎಡಗೈ ಕಾಣುತ್ತಿತ್ತು. ಯಾರೋ ತೊಳೆದಿದ್ದರು, ಹೆಬ್ಬೆರಳಿನ ಆ ಜಾಗ ಉಳಿದ ಕೈಯ ಬಣ್ಣವೇ ಆಗಿತ್ತು. ನಾನು ಅಳಲಿಲ್ಲ. ನೋಡಿ ಬಂದೆ.

ಈಗ ಆ ಮೂಲೆಯಲ್ಲಿ ಬೇರೆಯವನಿದ್ದಾನೆ. ಮಷೀನು ಇಟ್ಟಿದ್ದಾನೆ. ನನಗೆ ವಯಸ್ಸಾಗಿದೆ, ರೊಟ್ಟಿ ಕಡಿಮೆ ಮಾಡಿದ್ದೇನೆ, ಗಾಡಿ ಬಿಟ್ಟಿಲ್ಲ. ಮೊನ್ನೆ ಗಾಡಿ ಮನೆಯ ಮುಂದೆ ಬಿಟ್ಟು ನಡೆದು ಹೋಗಿದ್ದಾಗ, ಮಂಡಿಯ ನೂಕುನುಗ್ಗಲಲ್ಲಿ ಚಾವಿ ಎಲ್ಲೋ ಬಿತ್ತು. ಆ ಹೊಸಬನ ಹತ್ತಿರ ಹೋಗಿ ಲಾಕು ಬಿಚ್ಚಬೇಕು ಅಂದೆ. ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡು ಎದ್ದೇಬಿಟ್ಟ.

ನಾನು ಅಲ್ಲೇ ನಿಂತು ಹೇಳಿದೆ, "ಖರೇನ ಕಳದದ. ಯಾರೂ ಒಯ್ದಿಲ್ಲ."

"ನಾ ಎಲ್ಲಿ ಕೇಳೀನಿ ಅಜ್ಜಿ?"

"ಕೇಳಬೇಕು," ಅಂದೆ. "ನಡಿ, ಮೊದಲ ನಮ್ಮ ಓಣ್ಯಾಗ ನಿಂತು ಕೂಗು. ಗಾಡಿ ಯಾರದಂತ ಕೇಳು. ಆಮ್ಯಾಲ ಕೈ ಹಚ್ಚು."